ಅಡ್ಮಿಷನ್ ಪತ್ರಕ್ಕೆ ಕಿರೀಟ ಅಂಟಿಸಿದರೆ ಸಾಲದು

ಹೋದ ವರ್ಷ ಶಿರಸಿ ಕಡೆಯ ಒಂದು ಮನೆಯಲ್ಲಿ ಕೂತಿದ್ದಾಗ ಅಂಚೆ ಬಂತು. ಮೊಮ್ಮಗನಿಗೆ ಎಂ.ಎಸ್ಸಿ. ಸೀಟು ಸಿಕ್ಕಿದ ಪತ್ರ. ದಪ್ಪ ಕಾರ್ಡು, ಸುತ್ತ ಕಪ್ಪು ಅಂಚು. ಅಜ್ಜಿ ದೂರದಿಂದಲೇ ನೋಡಿ "ಯಾರು ಹೋದ್ರೋ ತಮಾ?" ಅಂದರು. ಅವರ ತಪ್ಪಲ್ಲ. ನಮ್ಮಲ್ಲಿ ಕಪ್ಪು ಅಂಚಿನ ಕಾರ್ಡು ಬರುವುದು ವೈಕುಂಠ ಸಮಾರಾಧನೆಗೆ, ಅಲ್ವಾ?

ನಮ್ಮ ಉತ್ತರ ಕನ್ನಡದ ಕಾಲೇಜುಗಳಿಗೆ ಅಡ್ಮಿಷನ್ ಪತ್ರ ವಿನ್ಯಾಸ ಮಾಡುವವರಿಗೆ ಈ ಮಾತು. ಕಪ್ಪು ಅಂಚು ಬಿಟ್ಟವರು ಇನ್ನೊಂದು ತಪ್ಪು ಮಾಡುತ್ತಾರೆ. ನೆಟ್‌ನಲ್ಲಿ ಸಿಕ್ಕ ಯಕ್ಷಗಾನದ ಕಿರೀಟ ಒಂದು ಮೂಲೆಗೆ, ಕಾರವಾರದ ಕಡಲು ಇನ್ನೊಂದು ಮೂಲೆಗೆ, ನಡುವೆ ಅಡಿಕೆ ಮರ. ನೋಡಿದರೆ ಲಾಡ್ಜಿನ ಕ್ಯಾಲೆಂಡರು. ಚಿತ್ರ ಒಂದೇ ಇರಲಿ, ಆದರೆ ಅದನ್ನು ಇಲ್ಲಿಯ ರೀತಿಯಲ್ಲೇ ಮಾಡಿ.

ಮೊದಲು ವಿಷಯ. ಹೆಸರು, ಕೋರ್ಸು, ಶುಲ್ಕ, ಕೊನೆಯ ದಿನ, ತರಬೇಕಾದ ಟಿಸಿ ಮತ್ತು ಅಂಕಪಟ್ಟಿ. ತಲೆಬರಹಕ್ಕೆ ಬರೀ ‘ಪ್ರವೇಶ ಪತ್ರ’ ಬೇಡ, ಜನ ಹಾಲ್ ಟಿಕೆಟ್ ಅಂದುಕೊಳ್ಳುತ್ತಾರೆ. ಸೀಲು, ಸಹಿಗೆ ಈಗಲೇ ಜಾಗ ಬಿಡಿ. ಇಲ್ಲದಿದ್ದರೆ ಗುಮಾಸ್ತರು ನಿಮ್ಮ ಚಿತ್ರದ ಮೇಲೇ ಸೀಲು ಒತ್ತುತ್ತಾರೆ.

ಇನ್ನು ಚಿತ್ರ. ನನ್ನ ಮತ ಕಾವಿ ಕಲೆಗೆ, ಅಂದರೆ ಗುಡಿಯ ಗೋಡೆ ಮೇಲಿನ ಕೆಂಪು-ಬಿಳಿ ಚಿತ್ರಕ್ಕೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ನೋಡಿರುತ್ತೀರಿ, ಕರಾವಳಿಯ ಹಳೆಯ ಗುಡಿಗಳಲ್ಲೂ ಇದೆ. ಬಿಳಿ ಹಾಳೆಯ ಮೇಲೆ ಕೆಂಪು ಗೆರೆ ಎಳೆದರೆ ಕಾವಿ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಎಲ್ಲರೂ ಎಡವುವುದು ಇಲ್ಲೇ. ಕಾವಿಯವರು ಗೋಡೆಗೆ ಮೊದಲು ಸುಣ್ಣದ ಗಾರೆ ಹಾಕಿ, ಅದು ಹಸಿಯಿರುವಾಗಲೇ ಮೇಲೆ ಕೆಂಪು ಮಣ್ಣಿನ ಪದರ ಕೊಡುತ್ತಾರೆ. ಆಮೇಲೆ ಮೊನಚು ಉಪಕರಣದಿಂದ ಬೇಡದ ಕಡೆ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಅಡಿಯ ಬಿಳಿ ಕಾಣುತ್ತದೆ. ಅಂದರೆ ಅಲ್ಲಿ ಗೆರೆ ಎಳೆಯುವುದಲ್ಲ, ಬಣ್ಣ ಕಳೆಯುವುದು. ನೀವೂ ಹಾಗೇ ಮಾಡಿ.

ಬಿಳಿ ಡ್ರಾಯಿಂಗ್ ಕಾರ್ಡಿಗೆ ಮೇಣದಬತ್ತಿಯನ್ನು ಒತ್ತಿ ಉಜ್ಜಿ, ಒಂದು ಕಡೆಯೂ ಬಿಡಬಾರದು. ಕೆಂಪು ಪೋಸ್ಟರ್ ಬಣ್ಣಕ್ಕೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಮೇಲೆ ಬಳಿಯಿರಿ. ಸೋಪು ಹಾಕದಿದ್ದರೆ ಬಣ್ಣ ಮೇಣದ ಮೇಲೆ ನಿಲ್ಲುವುದಿಲ್ಲ, ಕೆಸುವಿನೆಲೆ ಮೇಲಿನ ನೀರಿನಂತೆ ಜಾರುತ್ತದೆ. ಪೂರ್ತಿ ಒಣಗಿದ ಮೇಲೆ ಕಂಪಾಸಿನ ಮೊನೆಯಿಂದ ಕೆರೆಯಿರಿ. ಮೊದಲ ಎರಡು ಕಾರ್ಡು ಹಾಳಾಗುತ್ತವೆ, ಆಗಲಿ. ಮೂರನೆಯದರಲ್ಲಿ ಕೈ ಕೂರುತ್ತದೆ. ಸ್ವಲ್ಪ ಓರೆಯಾದ ಗೆರೆ ತಿದ್ದಬೇಡಿ, ಕಂಪ್ಯೂಟರಿನಲ್ಲಿ ಎಳೆದ ಬಳ್ಳಿಗೂ ಇದಕ್ಕೂ ವ್ಯತ್ಯಾಸ ಕಾಣುವುದು ಅಲ್ಲೇ. ದೇವರ ಮೂರ್ತಿ ಬೇಡ, ಪತ್ರ ಭಟ್ಕಳದ ಮುಸ್ಲಿಂ ಮನೆಗೂ ಹೋಗುತ್ತದೆ, ಹೊನ್ನಾವರದ ಕ್ರಿಶ್ಚಿಯನ್ ಮನೆಗೂ. ಹೂಬಳ್ಳಿ ಸಾಕು. ಗೆರೆ ಅರ್ಧ ಮಿಲಿಮೀಟರಿಗಿಂತ ಸಣ್ಣದಾದರೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಮಸಿ ತುಂಬಿ ಮುಚ್ಚಿಹೋಗುತ್ತದೆ, ಹಾಗಾಗಿ ಧೈರ್ಯವಾಗಿ ಅಗಲ ಕೆರೆಯಿರಿ.

ಸ್ಕ್ಯಾನ್ ಮಾಡಿ, 600 ಡಿಪಿಐನಲ್ಲಿ. ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿ, ಖರ್ಚೂ ಕಡಿಮೆ. ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನವರು ಕೆಂಪು ಅಂದರೆ ಕುಂಕುಮದ ಕೆಂಪು ಹಾಕಿಬಿಡುತ್ತಾರೆ. ಮಳೆಯಲ್ಲಿ ನೆಂದ ಚಿರೆಕಲ್ಲಿನ ಬಣ್ಣ ಬೇಕು ಅಂತ ಹೇಳಿ, ಆಗದಿದ್ದರೆ ಒಂದು ಚೂರು ಕಲ್ಲನ್ನೇ ಒಯ್ದು ಮೇಜಿನ ಮೇಲಿಡಿ. ಹಳೇ ತಾಳೆಗರಿಯಂತೆ ಕಾಣುವ ರೆಡಿಮೇಡ್ ಹಿನ್ನೆಲೆ ಬರುತ್ತದಲ್ಲ, ಅದರ ತಂಟೆಗೆ ಹೋಗಬೇಡಿ.

ಹೆಸರುಗಳ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ‘ನುಡಿ’ ತಂತ್ರಾಂಶದ ಹಳೇ ಫೈಲಿನಿಂದ ಯೂನಿಕೋಡ್‌ಗೆ ಪರಿವರ್ತಿಸದೆ ಸುಮ್ನೆ ಅಂಟಿಸಿದರೆ ಅಕ್ಷರದ ಬದಲು ಚಿಹ್ನೆಗಳ ರಾಶಿ ಬರುತ್ತದೆ. ಫೋಟೋಶಾಪಿನಲ್ಲಿ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಒತ್ತಕ್ಷರ ಒಡೆದು ‘ಕೃಷ್‌ಣ’ ಆಗುತ್ತಾನೆ. ಅದಕ್ಕಿಂತ ದೊಡ್ಡ ಪೆಟ್ಟು ಇಂಗ್ಲಿಷ್ ಪಟ್ಟಿಯಿಂದ ಕನ್ನಡಕ್ಕೆ ತರುವಾಗ ಬೀಳುತ್ತದೆ. ಅಂಕೋಲಾದಲ್ಲಿ ನಾಯ್ಕ ಬೇರೆ, ನಾಯಕ ಬೇರೆ. ಶಿರಸಿಯ ಹೆಗಡೆಯವರನ್ನು ಹೆಗ್ಡೆ ಮಾಡಿದರೆ ಪತ್ರ ಎಷ್ಟು ಚೆಂದ ಇದ್ದರೂ ಮನೆಯಲ್ಲಿ ನಗೆ. ಫೋನ್ ಮಾಡಿ ಕೇಳಿ, ನಾಚಿಕೆ ಏನಿಲ್ಲ.

ಪತ್ರಗಳು ಇನ್ನೂರರ ಒಳಗಿದ್ದರೆ ಹೆಸರನ್ನು ಕೈಯಲ್ಲೇ ಬರೆಸಿ. ಚೀನಾದ ಶಾನ್‌ಶಿ ನಾರ್ಮಲ್ ವಿಶ್ವವಿದ್ಯಾಲಯದಲ್ಲಿ 2007ರಿಂದ ಹಿರಿಯ ಪ್ರಾಧ್ಯಾಪಕರು ಕುಂಚ ಹಿಡಿದು ಅಡ್ಮಿಷನ್ ಪತ್ರ ಬರೆಯುತ್ತಾರೆ. ನಮ್ಮಲ್ಲೂ ನಿವೃತ್ತ ಕನ್ನಡ ಮೇಷ್ಟ್ರು ಸಿಗುತ್ತಾರೆ, ಅಕ್ಷರವೂ ದುಂಡಗೇ ಇರುತ್ತದೆ. ಜೆಲ್ ಪೆನ್ನು ಮಾತ್ರ ಕೊಡಬೇಡಿ.

ಯಾಕೆಂದರೆ ಪತ್ರ ಹೋಗುವುದು ಜೋರು ಮಳೆಯಲ್ಲಿ. ಇಂಕ್‌ಜೆಟ್ ಪ್ರಿಂಟೂ ಬೇಡ, ಒಂದು ಹನಿ ಬಿದ್ದರೆ ಶುಲ್ಕದ ಮೊತ್ತ ಹರಡಿ ಓದಲಾಗುವುದಿಲ್ಲ. ಅಚ್ಚಾದ ಕಾರ್ಡಿನ ಮೇಲೆ ವಿವರಗಳನ್ನು ಲೇಸರ್ ಪ್ರಿಂಟ್ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಜೆರಾಕ್ಸಿನಲ್ಲಿ ಹೊಳೆಯುತ್ತದೆ. ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಲಕೋಟೆಗೆ. ನಾಲ್ಕೂ ಮೂಲೆಯಲ್ಲಿ ಒಂದಿಂಚು ಖಾಲಿ ಬಿಟ್ಟಿರಿ. ಅರಿಶಿನ ಹಚ್ಚಬೇಕು ಅನ್ನಿಸಿದವರು ಮನೆಯಲ್ಲಿ ಹಚ್ಚಿಕೊಳ್ಳುತ್ತಾರೆ.