ರೆಸಿಡೆನ್ಸಿ ಅರ್ಜಿ: ‘ನಿಮ್ಮಲ್ಲಿಗೇ ಬರುವಾಸೆ’ ಎಂದು ಹೇಳುವುದು ಯಾವಾಗ, ಹೇಗೆ?

ಕೆಇಎ ಕೌನ್ಸೆಲಿಂಗ್‌ನಲ್ಲಿ ಕಾಲೇಜಿಗೆ ಪತ್ರ ಬರೆದು ‘ನನಗೆ ನಿಮ್ಮಲ್ಲೇ ಸೀಟು ಬೇಕು’ ಎಂದರೆ ಏನೂ ಆಗದು. ಅಲ್ಲಿ ರ‍್ಯಾಂಕು, ಮೀಸಲಾತಿ, ಆಪ್ಷನ್ ಎಂಟ್ರಿ ಇಷ್ಟೇ ಲೆಕ್ಕ. ಅದೇ ರೂಢಿಯಲ್ಲಿ ಅಮೆರಿಕದ ರೆಸಿಡೆನ್ಸಿಗೆ (ನಮ್ಮ ಪಿಜಿಯಂಥ ಆಸ್ಪತ್ರೆ ತರಬೇತಿಗೆ) ಅರ್ಜಿ ಹಾಕುವ ನಮ್ಮ ಎಂಬಿಬಿಎಸ್ ಪದವೀಧರರು ಬಾಯಿ ಬಿಡುವುದೇ ಇಲ್ಲ, ಇಲ್ಲವೇ ಎಲ್ಲ ಕಡೆಗೂ ಒಂದೇ ಇಮೇಲ್ ಕಳಿಸುತ್ತಾರೆ. ಎರಡೂ ನಷ್ಟವೇ. ಅಲ್ಲಿ ಆಸಕ್ತಿಯನ್ನು ಹೇಳಬೇಕು. ಸಂದರ್ಶನಕ್ಕೆ ಮುಂಚೆ ಹೇಳಿದ್ದಕ್ಕೆ ತೂಕ ಹೆಚ್ಚು, ಆಮೇಲೆ ಹೇಳಿದ್ದಕ್ಕೆ ಕಡಿಮೆ.

ಮೊದಲು ಸಿಗ್ನಲ್

ಅರ್ಜಿ ಸಲ್ಲಿಸುವ ‘ಇರಾಸ್’ ವ್ಯವಸ್ಥೆಯಲ್ಲೇ ಇದಕ್ಕೆ ಜಾಗವಿದೆ. ‘ಈ ಪ್ರೋಗ್ರಾಮಿನಲ್ಲಿ (ಅಂದರೆ ಒಂದು ಆಸ್ಪತ್ರೆಯ ತರಬೇತಿಯಲ್ಲಿ) ನನಗೆ ವಿಶೇಷ ಆಸಕ್ತಿ’ ಎಂದು ತಿಳಿಸುವ ಗುರುತೇ ಸಿಗ್ನಲ್. ಹೆಚ್ಚಿನ ವಿಭಾಗಗಳಿಗೆ ಇಂತಿಷ್ಟು ಸಿಗ್ನಲ್ ಎಂದು ಕೊಟ್ಟಿರುತ್ತಾರೆ. 2025ರ ಋತುವಿನಲ್ಲಿ ಇಂಟರ್ನಲ್ ಮೆಡಿಸಿನ್‌ಗೆ ಇದ್ದದ್ದು 3 ಗೋಲ್ಡ್ (ಅತಿ ಇಷ್ಟದವಕ್ಕೆ), 12 ಸಿಲ್ವರ್ (ಅದರ ನಂತರದವಕ್ಕೆ), ಆರ್ಥೋಪೆಡಿಕ್ಸ್‌ಗೆ 30. ಈ ಸಂಖ್ಯೆ ಬದಲಾಗುತ್ತಿರುತ್ತದೆ, ಇರಾಸ್ ನಡೆಸುವ ಎಎಎಂಸಿ ಸಂಸ್ಥೆಯ ಆಯಾ ವರ್ಷದ ಪಟ್ಟಿಯನ್ನೇ ನೋಡಿ. ನೀವು ಮತ್ತೆ ಯಾರಿಗೆ ಸಿಗ್ನಲ್ ಕೊಟ್ಟಿದ್ದೀರಿ ಎಂಬುದು ಯಾವ ಪ್ರೋಗ್ರಾಮಿಗೂ ಕಾಣಿಸದು. ಅರ್ಜಿ ಸಲ್ಲಿಸಿದ ಮೇಲೆ ಸಿಗ್ನಲ್ ಬದಲಿಸಲೂ ಬಾರದು.

ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಹೆಸರುವಾಸಿ ಆಸ್ಪತ್ರೆಗಳಿಗೆ ಗೋಲ್ಡ್ ಎಲ್ಲ ಸುರಿದುಬಿಡುತ್ತಾರೆ. ಆ ಪ್ರೋಗ್ರಾಮು ವೀಸಾ ಕೊಡದಿದ್ದರೆ, ಪದವಿ ಮುಗಿದು ಇಷ್ಟೇ ವರ್ಷವಾಗಿರಬೇಕು ಎಂಬ ಮಿತಿ ಇಟ್ಟಿದ್ದರೆ, ಸಿಗ್ನಲ್ ಕೊಟ್ಟೂ ಅರ್ಜಿ ಮೊದಲ ಜರಡಿಯಲ್ಲೇ ಉದುರುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಪ್ರತಿ ಪ್ರೋಗ್ರಾಮಿನ ಎದುರು ಇವನ್ನು ಬರೆದುಕೊಳ್ಳಿ: ಜೆ-1 ವೀಸಾ ಮಾತ್ರವೋ ಎಚ್-1ಬಿ ಕೂಡ ಉಂಟೋ (ಎಚ್-1ಬಿಗೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಸ್ಟೆಪ್ 3 ಪಾಸಾಗಿರಬೇಕು), ಪದವಿ ವರ್ಷದ ಮಿತಿ, ಕೇಳುವ ಕನಿಷ್ಠ ಅಂಕ, ಈಗಿನ ರೆಸಿಡೆಂಟರಲ್ಲಿ ವಿದೇಶದಲ್ಲಿ ಓದಿದವರು ಎಷ್ಟು ಮಂದಿ. ಕೊನೆಯದು ಪ್ರೋಗ್ರಾಮಿನ ಜಾಲತಾಣದ ರೆಸಿಡೆಂಟರ ಪುಟದಲ್ಲೇ ಸಿಗುತ್ತದೆ, ಅರ್ಧ ದಿನದ ಕೆಲಸವಷ್ಟೇ. ಈ ಹಾಳೆ ದಾಟಿದ ಪ್ರೋಗ್ರಾಮುಗಳಲ್ಲಿ ಮನಸ್ಸಿಗೆ ಹಿಡಿದವಕ್ಕೆ ಗೋಲ್ಡ್ ಕೊಡಿ.

ಅದೇ ಅರ್ಜಿಯಲ್ಲಿ ಪ್ರದೇಶದ ಆಯ್ಕೆಯೂ ಇದೆ. ಇಡೀ ಅಮೆರಿಕವನ್ನು 9 ವಲಯ ಮಾಡಿದ್ದಾರೆ, 3ರವರೆಗೆ ಆರಿಸಬಹುದು. ನೀವು ಆರಿಸಿದ ವಲಯದ ಪ್ರೋಗ್ರಾಮುಗಳಿಗೆ ಮಾತ್ರ ಅದು ಕಾಣುತ್ತದೆ, ಹಾಗಾಗಿ ಉಳಿದವರು ಬೇಸರಪಟ್ಟಾರು ಎಂಬ ಭಯ ಬೇಡ. ಕಾರಣ ಬರೆಯುವಾಗ ‘ಒಳ್ಳೆಯ ಊರು’ ಎನ್ನುವ ಬದಲು ‘ಅಕ್ಕನ ಮನೆ ಓಹಾಯೋದಲ್ಲಿದೆ, ಅಲ್ಲೇ ಎರಡು ತಿಂಗಳು ಅಬ್ಸರ್ವರ್‌ಶಿಪ್ ಮಾಡಿದ್ದೇನೆ’ ಎಂಬಂಥ ನಿಜವಾದ ನಂಟು ಹೇಳಿ.

ಸಂದರ್ಶನ ಆದ ಮೇಲೆ

ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿ ಪ್ರೋಗ್ರಾಮುಗಳನ್ನೂ, ಪ್ರೋಗ್ರಾಮು ಅಭ್ಯರ್ಥಿಗಳನ್ನೂ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಬೇಕು, ಎರಡೂ ಪಟ್ಟಿ ಹೊಂದಿಸಿ ಸೀಟು ಕೊಡುವುದೇ ‘ಮ್ಯಾಚ್’. ಕೆಲವು ಪ್ರೋಗ್ರಾಮುಗಳು ‘ಸಂದರ್ಶನದ ನಂತರ ನಮಗೆ ಬರೆಯಬೇಡಿ’ ಎಂದು ಸ್ಪಷ್ಟವಾಗಿ ಹೇಳುತ್ತವೆ. ಅಲ್ಲಿಗೆ ಬರೆಯಬೇಡಿ, ವಂದನೆಯ ನೆಪದಲ್ಲೂ ಬೇಡ. ಉಳಿದೆಡೆ ‘ನಿಮ್ಮನ್ನೇ ಮೊದಲ ಸ್ಥಾನದಲ್ಲಿಡುತ್ತೇನೆ’ ಎಂಬ ಪತ್ರ ಹೋಗಬೇಕಾದ್ದು ಒಂದೇ ಒಂದು ಕಡೆಗೆ. ಇಬ್ಬರಿಗೆ ಹಾಗೆ ಬರೆಯುವುದು ಸುಳ್ಳು. ಒಂದೇ ವಿಭಾಗದ ನಿರ್ದೇಶಕರು ಪರಸ್ಪರ ಪರಿಚಿತರು ಎಂಬುದೂ ನೆನಪಿರಲಿ.

ಜನವರಿ ಕೊನೆಯ ಹೊತ್ತಿಗೆ, ಅವರು ಪಟ್ಟಿ ಮಾಡಲು ಕೂರುವ ಮುಂಚೆ, ಪ್ರೋಗ್ರಾಮ್ ಡೈರೆಕ್ಟರಿಗೆ ಕಳಿಸಿ, ಕೋಆರ್ಡಿನೇಟರಿಗೂ ಪ್ರತಿ ಇರಲಿ. ವಿಷಯದ ಸಾಲಿನಲ್ಲಿ ಹೆಸರು, ಎಎಎಂಸಿ ಸಂಖ್ಯೆ. ಮೊದಲ ವಾಕ್ಯದಲ್ಲೇ ಮೊದಲ ಸ್ಥಾನದ ಮಾತು. ಆಮೇಲೆ ಅಲ್ಲಿಗೇ ಸಲ್ಲುವ ಎರಡು ಕಾರಣ: ಸಂದರ್ಶನದ ದಿನ ಕೇಳಿದ ಕ್ಲಿನಿಕ್ ವ್ಯವಸ್ಥೆಯೋ, ಮುಂದೆ ಮಾಡಬೇಕೆಂದಿರುವ ಫೆಲೋಶಿಪ್ಪೋ. ಹೆಸರು ಬದಲಿಸಿ ಬೇರೆಯವರಿಗೂ ಕಳಿಸಬಹುದಾದ ಪತ್ರವಾದರೆ ಮತ್ತೆ ಬರೆಯಿರಿ. ನೂರೈವತ್ತು ಪದ ಸಾಕು.

‘ನನ್ನನ್ನು ಎಷ್ಟನೇ ಸ್ಥಾನದಲ್ಲಿಡುತ್ತೀರಿ?’ ಎಂದು ಮಾತ್ರ ಕೇಳಬೇಡಿ. ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ನಿಯಮದಂತೆ ಅಭ್ಯರ್ಥಿಯಾಗಲಿ, ಪ್ರೋಗ್ರಾಮಿನವರಾಗಲಿ ಇನ್ನೊಬ್ಬರ ಪಟ್ಟಿ ಕೇಳುವ ಹಾಗಿಲ್ಲ. ತಾವಾಗಿ ಹೇಳಬಹುದು, ಅಷ್ಟೆ.

ಅವರ ಕಡೆಯಿಂದಲೂ ‘ನೀವು ನಮಗೆ ಬಹಳ ಹಿಡಿಸಿದಿರಿ’ ಎಂಬ ಇಮೇಲ್ ಬರಬಹುದು. ಅದು ಯಾರನ್ನೂ ಕಟ್ಟಿಹಾಕದು, ಅದನ್ನು ನೋಡಿ ನಿಮ್ಮ ಪಟ್ಟಿ ಮೇಲೆ ಕೆಳಗೆ ಮಾಡಬೇಡಿ. ಮ್ಯಾಚ್ ಲೆಕ್ಕಾಚಾರ ಶುರುವಾಗುವುದೇ ಅಭ್ಯರ್ಥಿಯ ಆದ್ಯತೆಯಿಂದ. ಕೈಗೆಟುಕದು ಎನ್ನಿಸುವ ಪ್ರೋಗ್ರಾಮನ್ನು ಮೇಲಿಟ್ಟರೆ ಕೆಳಗಿನದು ತಪ್ಪಿಹೋಗುವುದಿಲ್ಲ.

ಮಾರ್ಚ್‌ನ ಮ್ಯಾಚ್ ವಾರದ ಸೋಮವಾರ ಸೀಟು ಸಿಗಲಿಲ್ಲ ಎಂದು ತಿಳಿದರೆ ಈ ಯಾವ ಪತ್ರವೂ ನಡೆಯದು. ಉಳಿದ ಸೀಟುಗಳ ‘ಸೋಪ್’ ಸುತ್ತಿನಲ್ಲಿ ಅರ್ಜಿ ಇರಾಸ್ ಮೂಲಕವೇ ಹೋಗಬೇಕು. ಪ್ರೋಗ್ರಾಮಿನವರೇ ಸಂಪರ್ಕಿಸುವವರೆಗೆ ನೀವಾಗಲಿ, ನಿಮ್ಮ ಪರವಾಗಿ ಅಮೆರಿಕದಲ್ಲಿರುವ ಮಾವನಾಗಲಿ ಫೋನ್ ಮಾಡಿದರೆ ಅದು ನಿಯಮಭಂಗ.