ಕೀಬೋರ್ಡ್, ಮೌಸ್ ಎರಡೂ ಒಟ್ಟಿಗೆ ಕೈಕೊಟ್ಟಾಗ

ಒಂದೇ ಕೆಟ್ಟರೆ ಬೇರೆ ಮಾತು. ಎರಡೂ ಒಂದೇ ಗಳಿಗೆಯಲ್ಲಿ ನಿಂತರೆ ನಾನು ಕೀಬೋರ್ಡನ್ನೂ ಬಿಚ್ಚುವುದಿಲ್ಲ, ಮೌಸನ್ನೂ ಬಿಚ್ಚುವುದಿಲ್ಲ. ಅವೆರಡೂ ಹಂಚಿಕೊಂಡಿರುವುದು ಏನು ಅಂತ ನೋಡುತ್ತೇನೆ: 5 ವೋಲ್ಟ್ ಕರೆಂಟು, ಯುಎಸ್‌ಬಿ ಪೋರ್ಟು, ವಿಂಡೋಸ್. ಹೊಸ ಸೆಟ್ ತಂದು ಹಾಕಿ, ಅದೂ ನಡೆಯಲಿಲ್ಲ ಅಂತ ಹೇಳುವವರೇ ಜಾಸ್ತಿ.

ಮೊದಲು ಕ್ಯಾಪ್ಸ್ ಲಾಕ್ ತುಸು ಹೊತ್ತು ಒತ್ತಿ ಹಿಡಿಯುತ್ತೇನೆ. ಯುಎಸ್‌ಬಿ ಕೀಬೋರ್ಡಿನಲ್ಲಿ ಆ ದೀಪ ತಾನಾಗಿ ಹೊತ್ತುವುದಿಲ್ಲ. ಒತ್ತಿದ ಸುದ್ದಿ ವಿಂಡೋಸಿಗೆ ಮುಟ್ಟಿ, ಅಲ್ಲಿಂದ ಅಪ್ಪಣೆ ವಾಪಸ್ ಬಂದ ಮೇಲೇ ಹೊತ್ತುತ್ತದೆ. ದೀಪ ಹೊತ್ತಿ ಆರುತ್ತಿದ್ದರೆ ತಂತಿ, ಪೋರ್ಟು, ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಮೂರೂ ಸರಿ ಇವೆ. ಆಗ ಕೀಬೋರ್ಡಿನ ಮಟ್ಟಿಗೆ ಮೊದಲ ಅನುಮಾನ ಫಿಲ್ಟರ್ ಕೀಸ್ ಮೇಲೆ, ಅಂದರೆ ಚುಟುಕಾಗಿ ತಟ್ಟಿದ ಕೀಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಂಡೋಸ್ ಸೌಲಭ್ಯದ ಮೇಲೆ. ಬಲಗಡೆಯ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದರೆ ಅದು ಆನ್ ಆಗುತ್ತದೆ. ಪುಸ್ತಕದ ಮೂಲೆ ಅದರ ಮೇಲೆ ಕೂತಿದ್ದರೂ ಸಾಕು, ಆನ್ ಮಾಡಲೇ ಅಂತ ಪರದೆಯಲ್ಲಿ ಕೇಳುವ ಪೆಟ್ಟಿಗೆಗೆ ಓದದೇ ‘ಯೆಸ್’ ಒತ್ತಿರುತ್ತಾರೆ. ಆಮೇಲೆ ಕೀ ತಟ್ಟಿದರೆ ಅಕ್ಷರ ಬೀಳುವುದಿಲ್ಲ, ತುಸು ಹೊತ್ತು ಒತ್ತಿ ಹಿಡಿದರೆ ಬೀಳುತ್ತದೆ. ಮತ್ತೆ 8 ಸೆಕೆಂಡ್ ಒತ್ತಿದರೆ ಆಫ್.

ದೀಪ ಅಲ್ಲಾಡದಿದ್ದರೆ ರೀಸ್ಟಾರ್ಟ್ ಮಾಡಿ ಡಿಲೀಟ್ ಅಥವಾ ಎಫ್2 ತಟ್ಟುತ್ತಾ ಬಯಾಸ್‌ಗೆ (ವಿಂಡೋಸಿಗೂ ಮುಂಚೆ ಬರುವ ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಲು ನೋಡುತ್ತೇನೆ. ಅಲ್ಲಿ ಕೀಬೋರ್ಡ್ ನಡೆದರೆ ದೋಷ ವಿಂಡೋಸಿನದು. ನಡೆಯದಿದ್ದರೆ ಕರೆಂಟು ಅಥವಾ ಪೋರ್ಟಿನದು. ಒಂದು ಎಚ್ಚರ: ಬಯಾಸ್‌ನಲ್ಲಿ ಫಾಸ್ಟ್ ಬೂಟ್ ಆನ್ ಇದ್ದರೆ ಕೆಲವು ಬೋರ್ಡುಗಳು ಆ ಹೊತ್ತಿಗೆ ಯುಎಸ್‌ಬಿಯನ್ನು ಎಬ್ಬಿಸಿರುವುದೇ ಇಲ್ಲ.

ಕರೆಂಟಿನ ಕಡೆ ಅಂತ ಗೊತ್ತಾದರೆ ಶಟ್‌ಡೌನ್ ಮಾಡಿದ್ದು ಸಾಲದು. ಗೋಡೆಯ ಸ್ವಿಚ್ ಆನ್ ಇರುವ ತನಕ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬ) ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ, ಸಿಕ್ಕಿಕೊಂಡ ಯುಎಸ್‌ಬಿ ಕಂಟ್ರೋಲರ್ ಹಾಗೇ ಸಿಕ್ಕಿಕೊಂಡಿರುತ್ತದೆ. ಪವರ್ ಕೇಬಲ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಉಳಿದ ಚಾರ್ಜ್ ಇಳಿಸಿ, ಆಮೇಲೆ ಚುಚ್ಚುತ್ತೇನೆ. ಬರೀ ಇಷ್ಟಕ್ಕೇ ಎಷ್ಟೋ ಮಷಿನ್ ಎದ್ದು ಕೂರುತ್ತವೆ.

ಏಳದಿದ್ದರೆ ಪೆನ್‌ಡ್ರೈವ್, ಪ್ರಿಂಟರ್, ಹಬ್ ಎಲ್ಲ ಕಿತ್ತು, ಕೀಬೋರ್ಡ್ ಒಂದನ್ನೇ ಹಿಂದುಗಡೆ ಮದರ್‌ಬೋರ್ಡಿನ ಪೋರ್ಟಿಗೆ ಹಾಕುತ್ತೇನೆ. ಆಮೇಲೆ ಟಾರ್ಚ್ ಹಿಡಿದು ಮುಂದಿನ ಪೋರ್ಟುಗಳನ್ನು ನೋಡುತ್ತೇನೆ. ಒಳಗಿನ ಪ್ಲಾಸ್ಟಿಕ್ ನಾಲಿಗೆ ಪೆನ್‌ಡ್ರೈವ್ ತಲೆಕೆಳಗು ತುರುಕಿದಾಗ ಮುರಿದು, ನಾಲ್ಕು ಪಿನ್‌ಗಳಲ್ಲಿ ತುದಿಯದೊಂದು ಸೊಟ್ಟಗಾಗಿ ಲೋಹದ ಕವಚಕ್ಕೆ ತಾಗಿರುತ್ತದೆ. ತಾಗಿದ್ದು 5 ವೋಲ್ಟಿನ ಪಿನ್ ಆದರೆ ಶಾರ್ಟ್. ಬೋರ್ಡಿನ ಪಾಲಿಫ್ಯೂಸ್ ಬಿಸಿಯಾಗಿ ಆ ಗುಂಪಿನ ಪೋರ್ಟುಗಳ ಕರೆಂಟನ್ನೆಲ್ಲ ಹಿಡಿದುಬಿಡುತ್ತದೆ. ಅದು ಸುಟ್ಟು ಹೋಗುವ ಫ್ಯೂಸ್ ಅಲ್ಲ, ತಣ್ಣಗಾದರೆ ತಾನೇ ಸರಿಹೋಗುತ್ತದೆ. ಅದಕ್ಕೇ ರಾತ್ರಿ ಆಫ್ ಮಾಡಿಟ್ಟರೆ ಬೆಳಿಗ್ಗೆ ಸ್ವಲ್ಪ ಹೊತ್ತು ನಡೆಯುತ್ತದೆ, ಮತ್ತೆ ನಿಲ್ಲುತ್ತದೆ. ಪಿನ್ ನೆಟ್ಟಗೆ ಮಾಡುವ ಸಾಹಸ ನಾನು ಮಾಡುವುದಿಲ್ಲ. ಮುಂದಿನ ಪ್ಯಾನೆಲ್ಲಿನ 9 ಪಿನ್ ಕನೆಕ್ಟರನ್ನು ಬೋರ್ಡಿನಿಂದಲೇ ಕಿತ್ತು ಹೊರಗಿಡುತ್ತೇನೆ. ಮಲ್ಟಿಮೀಟರ್ ಇದ್ದರೆ ಪೋರ್ಟಿನ ಎರಡು ತುದಿಯ ಪಿನ್‌ಗಳ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಎಲ್ಲ ಕಿತ್ತ ಮೇಲೂ ಕಡಿಮೆ ಬಂದರೆ ಎಸ್‌ಎಂಪಿಎಸ್ ಬದಲಿಸಿ ನೋಡುತ್ತೇನೆ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮಷಿನ್‌ಗಳಲ್ಲಿ ಪಿನ್ ಮೇಲೆ ಹಸಿರು ಕಿಲುಬು ಸಿಗುತ್ತದೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅದ್ದಿದ ಸಣ್ಣ ಬ್ರಷ್‌ನಿಂದ ಉಜ್ಜಿ, ಹತ್ತು ನಿಮಿಷ ಒಣಗಲು ಬಿಟ್ಟು ಆನ್ ಮಾಡಬೇಕು.

ವೈರ್‌ಲೆಸ್ ಸೆಟ್ ಆದರೆ ಸೆಲ್ ಬದಲಿಸುವ ಮುಂಚೆ ಡಾಂಗಲ್ (ಪೋರ್ಟಿಗೆ ಚುಚ್ಚುವ ಪುಟ್ಟ ರಿಸೀವರ್) ನೋಡಿ. ಎರಡರ ಸೆಲ್ಲೂ ಒಂದೇ ದಿನ ಖಾಲಿಯಾಗುವುದು ಅಪರೂಪ, ಆದರೆ ಡಾಂಗಲ್ ಇರುವುದು ಒಂದೇ. ಯುಎಸ್‌ಬಿ 3.0 ಓಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ ಅಂತ ಇಂಟೆಲ್ 2012ರಲ್ಲೇ ವಿವರಿಸಿದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಪಕ್ಕದ ನೀಲಿ ಪೋರ್ಟಿನಿಂದ ಡಾಂಗಲ್ ತೆಗೆದು, ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲೆ ತಂದಿಟ್ಟರೆ ಮುಗಿಯಿತು.

ವಿಂಡೋಸ್ ದೋಷ ಅಂತಾದರೆ ಒಳಗೆ ಕೈಹಾಕುವುದು ಯಾವುದರಿಂದ? ಬೋರ್ಡಿನಲ್ಲಿ ಪಿಎಸ್2 ದುಂಡು ಪೋರ್ಟ್ ಇದ್ದರೆ ಹಳೆಯ ಕೀಬೋರ್ಡ್ ಹಾಕುತ್ತೇನೆ. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಮಷಿನ್ ಆಫ್ ಇದ್ದಾಗಲೇ ಚುಚ್ಚಬೇಕು. ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್. ಸ್ವಲ್ಪ ಹೊತ್ತು ಸುಮ್ಮನಿಟ್ಟ ಮೇಲಷ್ಟೇ ಸಾಯುವ ಮಷಿನ್ ಆದರೆ, ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟಿನಲ್ಲಿ ವಿದ್ಯುತ್ ಉಳಿಸಲು ಆಫ್ ಮಾಡಬಹುದು ಎಂಬ ಟಿಕ್ ತೆಗೆಯುತ್ತೇನೆ.

ಪಿಎಸ್2 ಕೀಬೋರ್ಡೂ ವಿಂಡೋಸ್ ಒಳಗೆ ನಡೆಯದಿದ್ದರೆ ಅದು ಹೆಚ್ಚಾಗಿ ಫಿಲ್ಟರ್ ಡ್ರೈವರ್ (ಕೀಬೋರ್ಡಿಗೂ ವಿಂಡೋಸಿಗೂ ನಡುವೆ ಕೂರುವ ಡ್ರೈವರ್) ಕಾಟ. ಕೀಗಳ ಕೆಲಸ ಬದಲಿಸುವಂಥ ಸಾಫ್ಟ್‌ವೇರ್ ಅರೆಬರೆ ಅನ್‌ಇನ್‌ಸ್ಟಾಲ್ ಆದಾಗ ಅದರ ಡ್ರೈವರ್ ಅಳಿಸಿಹೋಗಿ, ಹೆಸರು ಮಾತ್ರ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಸೆಟ್ಟಿಂಗ್‌ಗಳ ಕಡತದಲ್ಲಿ) ಉಳಿದಿರುತ್ತದೆ. ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟಿನಿಂದ ರೆಜೆಡಿಟ್ (ರಿಜಿಸ್ಟ್ರಿ ತಿದ್ದುವ ಸಾಧನ) ತೆರೆದು, ಹಾರ್ಡ್ ಡಿಸ್ಕಿನ ಸಿಸ್ಟಮ್ ಹೈವ್ (ರಿಜಿಸ್ಟ್ರಿಯ ಫೈಲ್) ಲೋಡ್ ಮಾಡಿ, ಕಂಟ್ರೋಲ್ ಸೆಟ್‌ನ ಕ್ಲಾಸ್ ಪಟ್ಟಿಯಲ್ಲಿ ಕೀಬೋರ್ಡಿನ ಅಪ್ಪರ್‌ಫಿಲ್ಟರ್ಸ್ ನೋಡುತ್ತೇನೆ. ಮಾಮೂಲಿ ಮಷಿನ್‌ನಲ್ಲಿ ಅಲ್ಲಿ ಕೆಬಿಡಿಕ್ಲಾಸ್ ಮಾತ್ರ ಇರುತ್ತದೆ, ಮೌಸಿನದರಲ್ಲಿ ಮೌಕ್ಲಾಸ್. ಪರದೇಶಿ ಹೆಸರನ್ನಷ್ಟೇ ಅಳಿಸಿ, ಈ ಎರಡನ್ನು ಮುಟ್ಟಬಾರದು. ಅವನ್ನೂ ಅಳಿಸಿದರೆ ಎರಡೂ ಪೂರ್ತಿ ಸತ್ತಂತೆ.

ವಿಂಡೋಸ್ ಕೆಟ್ಟಾಗ ರಿಪೇರಿಗೆ ತೆರೆದುಕೊಳ್ಳುವ ರಿಕವರಿ ಪರದೆಗೆ ಬಂದಮೇಲೂ ಯುಎಸ್‌ಬಿ ಕೀಬೋರ್ಡ್, ಮೌಸ್ ನಡೆಯದಿದ್ದರೆ ಗಾಬರಿ ಬೇಡ. 2025ರ ಅಕ್ಟೋಬರಿನ ವಿಂಡೋಸ್ 11 ಅಪ್‌ಡೇಟ್, ಕೆಬಿ5066835, ಇದೇ ಎಡವಟ್ಟು ಮಾಡಿತ್ತು: ವಿಂಡೋಸ್ ಒಳಗೆ ಎಲ್ಲ ಸರಿ, ರಿಕವರಿಯಲ್ಲಿ ಮಾತ್ರ ಎರಡೂ ಕಲ್ಲು. ಅದೇ ತಿಂಗಳ 20ಕ್ಕೆ ಬಂದ ಕೆಬಿ5070773 ಹಾಕಿದರೆ ಸರಿಹೋಗುತ್ತದೆ. ವಿಂಡೋಸ್ ತೆರೆದುಕೊಳ್ಳುವುದೇ ಇಲ್ಲ ಅಂದರೆ ಪಿಎಸ್2 ಕೀಬೋರ್ಡ್ ಇಲ್ಲವೇ ಪೆನ್‌ಡ್ರೈವ್ ಬೂಟ್.