ಸಹಾರಾದ ಉಲ್ಕಾಶಿಲೆ, ಶಿವಮೊಗ್ಗದ ಮಳೆಗಾಲ

ಉಲ್ಕೆ ಅಂತ ನಮ್ಮ ಕಡೆ ಜನ ತಂದು ತೋರಿಸುವುದು ಹೆಚ್ಚಾಗಿ ಜಂಬಿಟ್ಟಿಗೆ, ಇಲ್ಲವೇ ಕಬ್ಬಿಣದ ಕಿಟ್ಟ. ಕಿಟ್ಟದ ತುಂಬಾ ಗುಳ್ಳೆಯೊಡೆದ ತೂತು, ನೋಡಿದ ಕೂಡಲೇ ಗೊತ್ತಾಗುತ್ತದೆ. ಗೆಳೆಯರೊಬ್ಬರು ಮೊರಾಕ್ಕೊದಲ್ಲಿ ಕೊಂಡು ತಂದ 84 ಗ್ರಾಂ ಕಲ್ಲು ಬೇರೆಯೇ ಇತ್ತು. ಮೂಲೆ ಉಜ್ಜಿದರೆ ಬೂದು ಕಲ್ಲಿನ ನಡುವೆ ಲೋಹದ ಚುಕ್ಕಿಗಳು ಹೊಳೆದವು. ಅಯಸ್ಕಾಂತವೂ ಅಂಟಿತು.

ಕಾಟ ಕೊಟ್ಟಿದ್ದು ಮಳೆಗಾಲ. ಒಣ ಮರುಭೂಮಿಯಲ್ಲಿ ಸಾವಿರಾರು ವರ್ಷ ತಾಳುವ ಕಲ್ಲಿಗೂ ಮಲೆನಾಡಿನ ಥಂಡಿಯಲ್ಲಿ ಬೇಗ ತುಕ್ಕು ಬರುತ್ತದೆ. ಅದಕ್ಕೇ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟೆ. ತೆಳು ಬಿಲ್ಲೆ ಮಾಡುವಾಗಲೂ ನೀರು ಮುಟ್ಟಿಸದೆ ಸ್ಪಿರಿಟ್ ಬಳಸಿ, ಗಾಜಿನ ಮೇಲೆ ಗಂಧ ತೇಯ್ದ ಹಾಗೆ 0.03 ಮಿ.ಮೀ.ಗೆ ತೇಯ್ದೆ.

ನಿಜವಾದ ಖುಷಿ ಸೂಕ್ಷ್ಮದರ್ಶಕದಲ್ಲಿ. ಒಂದು ಕಾಂಡ್ರೂಲ್‌ನೊಳಗೆ (ಕರಗಿ ಗಟ್ಟಿಯಾದ ಹನಿಯಂಥ ಸಣ್ಣ ಗುಂಡು) ಒಲಿವಿನ್ ಎಂಬ ಖನಿಜ ಪಟ್ಟಿ ಪಟ್ಟಿಯಾಗಿತ್ತು. ಧ್ರುವೀಕೃತ ಬೆಳಕಿನಲ್ಲಿ, ಬಿಲ್ಲೆಯಿಡುವ ತಟ್ಟೆ (ಸ್ಟೇಜ್) ತಿರುಗಿಸಿದರೆ ಪಟ್ಟಿಗಳೆಲ್ಲ ಒಟ್ಟಿಗೇ ಕಪ್ಪಾದವು. ಅಂದರೆ ಬೇರೆ ಬೇರೆ ಕಂಡರೂ ಅವೆಲ್ಲ ಒಂದೇ ಹರಳು! ಆದರೆ ಕಾಂಡ್ರೂಲ್‌ಗಳ ಅಂಚು ಮಸುಕಾಗಿತ್ತು. ಹುಟ್ಟಿದ ಕ್ಷುದ್ರಗ್ರಹದ ಒಳಗೇ ಕಲ್ಲು ಬೆಂದಿತ್ತು ಅನ್ನುವುದಕ್ಕೆ ಅದೇ ಗುರುತು. ಎಷ್ಟು ಬೆಂದಿದೆ ಅನ್ನುವುದಕ್ಕೆ ಅಂಕಿಯಿದೆ, ಇಂಥ ಬೆಂದ ಕಲ್ಲುಗಳಲ್ಲಿ ಹೆಚ್ಚು ಬೆಂದಷ್ಟೂ ಅಂಕಿ ದೊಡ್ಡದು. 5ನೇ ಮಾದರಿಯೋ 6ನೆಯದೋ ಅನ್ನುವುದನ್ನು ತೀರ್ಮಾನಿಸಿದ್ದು ಪ್ಲೇಜಿಯೋಕ್ಲೇಸ್ ಎಂಬ ಇನ್ನೊಂದು ಖನಿಜ. ಅದರ ಕಣಗಳು 50 ಮೈಕ್ರಾನ್ ದಾಟಿದರೆ 6. ಇಲ್ಲಿ ಅಷ್ಟು ದೊಡ್ಡವು ಸಿಗಲಿಲ್ಲ, 5 ಎಂದು ಬರೆದುಕೊಂಡೆ. ಒಲಿವಿನ್ ಒಂದೇ ಸಲ ಕಪ್ಪಾಗದೆ ಅಲೆಯಲೆಯಾಗಿ ಕಪ್ಪಾಗುತ್ತಿತ್ತು. ಹಾಗಾಗಿ ಡಿಕ್ಕಿಯಿಂದಾದ ಆಘಾತದ ಹಂತ ಎಸ್2, ಅಂದರೆ ತೀರಾ ಸಣ್ಣ ಆಘಾತ.

ಮೇಲಿನಿಂದ ಬೆಳಕು ಬಿಟ್ಟರೆ ಲೋಹ ಬೆಳ್ಳಗೆ, ಟ್ರಾಯ್ಲೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಹಳದಿ ಛಾಯೆಯಲ್ಲಿ, ತುಕ್ಕು ಬೂದಾಗಿ ಕಾಣುತ್ತದೆ. ಲೋಹದ ಅರ್ಧದಷ್ಟು ತುಕ್ಕಾಗಿತ್ತು. 20ರಿಂದ 60% ತುಕ್ಕು ಹಿಡಿದಿದ್ದರೆ ತುಕ್ಕಿನ ಹಂತ ಡಬ್ಲ್ಯು2.

ಇಂಥ ಕಲ್ಲುಗಳನ್ನು ಕಬ್ಬಿಣದ ಪ್ರಮಾಣ ನೋಡಿ ‘ಎಚ್’ (ಹೆಚ್ಚು), ‘ಎಲ್’ (ಕಮ್ಮಿ), ‘ಎಲ್‌ಎಲ್’ (ಇನ್ನೂ ಕಮ್ಮಿ) ಎಂದು ಗುಂಪು ಮಾಡುತ್ತಾರೆ. ಆ ಗುಂಪು ಮಾತ್ರ ಕಣ್ಣಂದಾಜಿನಲ್ಲಿ ಹೇಳುವಂಥದ್ದಲ್ಲ. ಲೋಹ ಕಮ್ಮಿ ಕಂಡಿತು ಅಂತ ಸುಮ್ನೆ ‘ಎಲ್’ ಎಂದು ಬರೆಯುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ತುಕ್ಕು ತಿಂದ ಲೋಹವನ್ನು ಲೆಕ್ಕ ಹಾಕುವುದು ಹೇಗೆ, ಅಲ್ವಾ? ಬಿಲ್ಲೆಯನ್ನು ಎಲೆಕ್ಟ್ರಾನ್ ಮೈಕ್ರೋಪ್ರೋಬ್ (ಖನಿಜದಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಯಂತ್ರ) ಇರುವ ಲ್ಯಾಬಿಗೆ ಕಳಿಸಿದೆ. ಒಲಿವಿನ್‌ನಲ್ಲಿ ಫಯಲೈಟ್, ಅಂದರೆ ಅದರ ಕಬ್ಬಿಣದ ರೂಪದ ಪಾಲು, 25% ಆಸುಪಾಸು ಬಂತು. ‘ಎಚ್’ ಗುಂಪಿನಲ್ಲಿ ಅದು 16ರಿಂದ 20, ‘ಎಲ್‌ಎಲ್’ನಲ್ಲಿ 27ಕ್ಕಿಂತ ಮೇಲೆ. ಆಗಲೇ ಎಲ್5 ಎಂದು ಧೈರ್ಯವಾಗಿ ಬರೆದದ್ದು.

ಅಧಿಕೃತ ಹೆಸರು ಬೇಕಿದ್ದರೆ ಉಲ್ಕಾಶಿಲೆಗಳ ಹೆಸರನ್ನು ಒಪ್ಪುವ ಮೀಟಿಯೊರಿಟಿಕಲ್ ಸೊಸೈಟಿಯ ನಿಯಮದಂತೆ 20 ಗ್ರಾಂ ಅಥವಾ ಒಟ್ಟು ತೂಕದ 20%, ಯಾವುದು ಕಮ್ಮಿಯೋ ಅಷ್ಟನ್ನು ಸಂಸ್ಥೆಯೊಂದರ ಸಂಗ್ರಹಕ್ಕೆ ಕೊಡಬೇಕು. ಇದಕ್ಕೆ ಸುಮಾರು 17 ಗ್ರಾಂ. ಅಷ್ಟು ಬಿಟ್ಟುಕೊಡಲು ಗೆಳೆಯರು ಇನ್ನೂ ಒಪ್ಪಿಲ್ಲ.